ಅಂಗಳಕ್ಕೆ ಡಾಮರೋ, ಕಾಂಕ್ರೀಟೋ?

ದೀಪಾವಳಿ ಕಳೆದು ಅಂಗಳದ ಕೆಸರು ಒಣಗಿತೆಂದರೆ ಸಾಕು, ಮಂಗಳೂರು, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆಯ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಗೇಟಿನಿಂದ ಜಗಲಿಯವರೆಗಿನ ದಾರಿಗೆ ಈ ಸಲವಾದರೂ ಏನಾದರೂ ಹಾಕಿಸಲೇಬೇಕು. ನಾಲ್ಕು ತಿಂಗಳು ಕೆಸರು ತುಳಿದದ್ದು ಸಾಕು. ಹೂತುಹೋದ ಕಾರನ್ನು ನೆರೆಮನೆಯವರನ್ನು ಕರೆದು ದೂಡಿಸಿದ್ದೂ ಸಾಕು! ಆದರೆ ಹಾಕಿಸುವುದು ಏನನ್ನು?

"ಡಾಮರು ಹಾಕಿಸಿ ಮಾರಾಯ್ರೆ, ಒಂದೇ ದಿನದಲ್ಲಿ ಕೆಲಸ ಮುಗೀತದೆ" ಎನ್ನುವವರು ಒಂದು ಕಡೆ. "ಎಂತ ಡಾಮರು? ಎರಡು ಮಳೆಗೆ ಎದ್ದು ಹೋಗ್ತದೆ. ಕಾಂಕ್ರೀಟೇ ಆಗ್ಬೇಕು" ಎನ್ನುವವರು ಇನ್ನೊಂದು ಕಡೆ. ದಿನಸಿ ಅಂಗಡಿಯ ಕಟ್ಟೆಯಿಂದ ಹಿಡಿದು ಬಸ್ಸಿನ ಹಿಂದಿನ ಸೀಟಿನವರೆಗೆ ಇದೇ ವಾದ. ಎರಡೂ ಕಡೆಯವರ ಮಾತಿನಲ್ಲಿ ಸತ್ಯ ಉಂಟು. ಎರಡೂ ಕಡೆಯವರು ಮರೆಯುವ ಸಂಗತಿಯೂ ಒಂದುಂಟು. ಅದು ನೀರು!

ಬಸ್ ಸ್ಟ್ಯಾಂಡೇ ಪಾಠಶಾಲೆ

ಡಾಮರಿನ ಗುಣ ತಿಳಿಯಲು ಎಂಜಿನಿಯರನೇ ಆಗಬೇಕೆಂದಿಲ್ಲ. ದಿನಾ ಬಸ್ಸಿಗೆ ಕಾಯುವವರು ಒಮ್ಮೆ ರಸ್ತೆಯ ಕಡೆ ನೋಡಿದರೆ ಸಾಕು. ಬಸ್ಸು ಬ್ರೇಕ್ ಹಾಕಿ ನಿಲ್ಲುವ ಕಡೆ ಡಾಮರು ಅಲೆ ಅಲೆಯಾಗಿ ಉಬ್ಬಿರುತ್ತದೆ. ಚಕ್ರ ನಿಲ್ಲುವ ಜಾಗದಲ್ಲಿ ತಗ್ಗು ಬಿದ್ದಿರುತ್ತದೆ. ಕಾರಣ ಸರಳ. ಡಾಮರು ಕಲ್ಲಿನಂತೆ ಕಂಡರೂ ಕಲ್ಲಲ್ಲ. ಬಿಸಿಲಿಗೆ ಅದು ಮೆತ್ತಗಾಗುತ್ತದೆ, ನಿಂತ ಭಾರಕ್ಕೆ ನಿಧಾನವಾಗಿ ಜರುಗುತ್ತದೆ. ಓಡುವ ಬಸ್ಸಿಗಿಂತ ನಿಂತ ಬಸ್ಸೇ ಅದಕ್ಕೆ ಹೆಚ್ಚು ಕಷ್ಟ.

ಸಾಲದ್ದಕ್ಕೆ ಡೀಸೆಲ್, ಆಯಿಲ್ ತೊಟ್ಟಿಕ್ಕುವುದು ಬೇರೆ. ಡಾಮರೂ ಡೀಸೆಲೂ ಒಂದೇ ಕಚ್ಚಾ ಎಣ್ಣೆಯಿಂದ ಹುಟ್ಟಿದ ಅಣ್ಣತಮ್ಮಂದಿರು. ತಮ್ಮ ಬಿದ್ದ ಕಡೆ ಅಣ್ಣ ಕರಗಿ ಜಲ್ಲಿಯ ಹಿಡಿತ ಬಿಡುತ್ತಾನೆ! ಹೆಚ್ಚಿನ ಬಸ್ ನಿಲ್ದಾಣಗಳ, ಪೆಟ್ರೋಲ್ ಬಂಕುಗಳ ಅಂಗಳಕ್ಕೆ ಕಾಂಕ್ರೀಟ್ ಹಾಕುವ ಗುಟ್ಟು ಇದೇ. ಮನೆಯ ಅಂಗಳವೂ ಒಂದು ಪುಟ್ಟ ನಿಲ್ದಾಣವೇ ತಾನೆ? ಕಾರು ರಾತ್ರಿಯಿಡೀ ನಿಲ್ಲುವುದು ಅದೇ ಜಾಗದಲ್ಲಿ.

ಮಳೆಯ ಪಾಠವನ್ನು ಶಿರಾಡಿ ಘಾಟಿ ಕಲಿಸಿದೆ. ಪ್ರತಿ ಮಳೆಗಾಲ ಹೊಂಡ ಬಿದ್ದು ಪ್ರಯಾಣಿಕರ ಸೊಂಟ ಮುರಿಯುತ್ತಿದ್ದ ಆ ಹೆದ್ದಾರಿಗೆ 2015ರಲ್ಲಿ ಒಂದು ಹಂತ, 2018ರಲ್ಲಿ ಇನ್ನೊಂದು ಹಂತ ಕಾಂಕ್ರೀಟ್ ಬಿತ್ತು. ಎರಡು ಸಲವೂ ತಿಂಗಳುಗಟ್ಟಲೆ ಘಾಟಿ ಬಂದ್. ಬೆಂಗಳೂರಿಗೆ ಹೋಗುವವರು ಚಾರ್ಮಾಡಿ, ಮಡಿಕೇರಿ ದಾರಿ ಸುತ್ತಿ ಹೈರಾಣಾದದ್ದು ಇನ್ನೂ ಮರೆತಿಲ್ಲ. ಕಾಂಕ್ರೀಟಿನ ಸುಖವೂ ಕಷ್ಟವೂ ಅದರಲ್ಲೇ ಉಂಟು. ಹಾಕಿದ ಮೇಲೆ ಬಾಳುತ್ತದೆ. ಆದರೆ ಹಾಕುವಾಗ ತಾಳ್ಮೆ ಬೇಕು.

ಎರಡು ಟನ್ನಿನ ಕಷ್ಟ

ಹಾಗಾದರೆ ಡಾಮರು ಕೆಟ್ಟದ್ದೋ? ಹಾಗೇನಿಲ್ಲ. ಸರಿಯಾಗಿ ಹಾಕಿದ ಡಾಮರು ಈ ಜಿಲ್ಲೆಯ ಮಳೆಯನ್ನೂ ತಾಳುತ್ತದೆ. ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿಯೇ ಡಾಮರು ತಯಾರಾಗುತ್ತದೆ, ಮಾಲಿಗೆ ಬರವಿಲ್ಲ. ಬರ ಇರುವುದು ಸಣ್ಣ ಕೆಲಸ ಸರಿಯಾಗಿ ಮಾಡಿಕೊಡುವವರಿಗೆ!

ಲೆಕ್ಕ ಹಾಕಿ ನೋಡಿ. ಗೇಟಿನಿಂದ ಜಗಲಿಗೆ 40 ಅಡಿ ಉದ್ದ, 10 ಅಡಿ ಅಗಲದ ದಾರಿ ಎಂದಿಟ್ಟುಕೊಳ್ಳಿ. ಒಟ್ಟು 400 ಚದರ ಅಡಿ. ಇದಕ್ಕೆ 20 ಮಿಲಿಮೀಟರ್ ದಪ್ಪಕ್ಕೆ ಡಾಮರು ಹಾಕಲು ಬೇಕಾಗುವ ಮಿಶ್ರಣ ಎರಡು ಟನ್ನಿಗೂ ಕಡಿಮೆ. ಒಂದು ಟಿಪ್ಪರಿನಲ್ಲಿ ಬರುವುದು ಹತ್ತು ಟನ್ನಿಗೂ ಹೆಚ್ಚು. ಈ ಎರಡು ಟನ್ನಿಗಾಗಿ ಯಾವ ಗುತ್ತಿಗೆದಾರ ಪ್ಲಾಂಟ್ ಓಡಿಸುತ್ತಾನೆ? ರೋಲರ್ ತರುತ್ತಾನೆ?

ಆಗ ಬರುವುದು "ಹತ್ತಿರದ ರಸ್ತೆ ಕೆಲಸದಲ್ಲಿ ಸ್ವಲ್ಪ ಉಳಿದಿದೆ, ಅಗ್ಗಕ್ಕೆ ಹಾಕಿಕೊಡ್ತೇವೆ" ಎಂಬ ಮಾತು. ಎಚ್ಚರ ಬೇಕಾದದ್ದು ಇಲ್ಲೇ. ಬಿಸಿ ಮಿಶ್ರಣ ಪ್ಲಾಂಟಿನಿಂದ ಹೊರಡುವಾಗ ಸುಮಾರು 150 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದು ಬಿಸಿಯಾಗಿರುವಾಗಲೇ ಹರಡಿ, ರೋಲರ್ ಓಡಿಸಿ ಒತ್ತಬೇಕು. ಮಧ್ಯಾಹ್ನದವರೆಗೆ ಬೇರೆ ಕಡೆ ಕಾದು, ಸಂಜೆ ತಣ್ಣಗಾಗಿ ಬಂದ ಉಳಿಕೆಯನ್ನು ಗುದ್ದಲಿಯಲ್ಲಿ ಹರಡಿ, ಗಾಡಿಯ ಚಕ್ರದಲ್ಲೇ ಒತ್ತಿ ಹೋದರೆ ಅದರೊಳಗೆಲ್ಲ ತೂತು. ಆಷಾಢದ ನೀರು ಆ ತೂತುಗಳಲ್ಲಿ ಇಳಿದು ಅಡಿಯ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಆಟಿ ಮುಗಿಯುವಷ್ಟರಲ್ಲಿ ಜಲ್ಲಿ ಒಂದೊಂದಾಗಿ ಎದ್ದು ಬರುತ್ತದೆ. ಅಗ್ಗದ ಡಾಮರಿಗೆ ಕೊಟ್ಟ ಹಣ ತೋಡಿನ ಪಾಲು!

ಡಾಮರು ಒಪ್ಪುವ ಜಾಗ ಬೇರೆ ಉಂಟು. ನಾಲ್ಕೈದು ಮನೆಗಳಿಗೆ ಸೇರಿದ ಉದ್ದದ ದಾರಿ ಇದ್ದರೆ ಎಲ್ಲರೂ ಕೂಡಿ ಲೋಡುಗಟ್ಟಲೆ ತರಿಸಬಹುದು, ರೋಲರನ್ನೂ ಕರೆಸಬಹುದು. ಮಾರನೇ ದಿನವೇ ಗಾಡಿ ಓಡಿಸಬಹುದು. ನೀರಿನ ಪೈಪಿಗೆ ಅಗೆದರೆ ತೇಪೆ ಹಾಕುವುದೂ ಸುಲಭ.

ಮೂವತ್ತೆಂಟು ಮೂಟೆ, ಹತ್ತು ದಿನ

ಇನ್ನು ಕಾಂಕ್ರೀಟು. ಅದೇ 400 ಚದರ ಅಡಿಗೆ 5 ಇಂಚು ದಪ್ಪ ಹಾಕಿದರೆ ಸುಮಾರು 38 ಮೂಟೆ ಸಿಮೆಂಟು ಹಿಡಿಯುತ್ತದೆ. ಕೈಗೆ ಭಾರವೇ ಸರಿ. ಆದರೆ ಇದಕ್ಕೆ ಪ್ಲಾಂಟ್ ಬೇಡ, ರೋಲರ್ ಬೇಡ. ಊರಿನ ಮೇಸ್ತ್ರಿ, ಒಂದು ಮಿಕ್ಸರ್, ನಾಲ್ಕು ಆಳು ಸಾಕು. ಕಾರು ಮಾತ್ರ ಬರುವ ಮನೆಗೆ 4 ಇಂಚೂ ನಡೆಯುತ್ತದೆ. ಬೇಸಗೆಯಲ್ಲಿ ನೀರಿನ ಟ್ಯಾಂಕರ್ ಒಳಗೆ ಬರುವುದಾದರೆ 5ರಿಂದ 6 ಇಂಚು ಬೇಕು.

ಮೇಸ್ತ್ರಿಯ ಹತ್ತಿರ ನಿಂತು ನೋಡಬೇಕಾದ ಸಂಗತಿಗಳು ನಾಲ್ಕೇ ನಾಲ್ಕು.

ಮೊದಲನೆಯದು ಅಡಿಪಾಯ. ಮೇಲಿನ ಸಡಿಲ ಮಣ್ಣು, ಬೇರು ತೆಗೆದು, ಕೆಂಪುಕಲ್ಲಿನ ಚೂರು ಅಥವಾ ಜಲ್ಲಿಪುಡಿ ಹಾಕಿ, ನೀರು ಚಿಮುಕಿಸಿ ದಮ್ಮಾಸು ಮಾಡಬೇಕು. ಹೊಸದಾಗಿ ತುಂಬಿಸಿದ ಮಣ್ಣಿನ ಮೇಲೆ ಹಾಕಿದ ಕಾಂಕ್ರೀಟು ಎಷ್ಟು ದಪ್ಪ ಇದ್ದರೂ ಒಂದು ದಿನ ಕುಸಿಯುತ್ತದೆ.

ಎರಡನೆಯದು ನೀರಿನ ಅಳತೆ. ಒಂದು ಮೂಟೆ ಸಿಮೆಂಟಿಗೆ 25ರಿಂದ 30 ಲೀಟರ್ ನೀರು ಸಾಕು. "ಸ್ವಲ್ಪ ನೀರು ಬಿಡಿ, ಎಳೆಯಲಿಕ್ಕೆ ಸುಲಭ ಆಗ್ತದೆ" ಎಂದು ಆಳುಗಳು ಬಕೆಟ್ ಎತ್ತಿದರೆ ಕೈ ಹಿಡಿಯಿರಿ. ಎಳೆಯುವವನಿಗೆ ಸುಲಭವಾದಷ್ಟೂ ಅಂಗಳಕ್ಕೆ ಆಯುಷ್ಯ ಕಡಿಮೆ.

ಮೂರನೆಯದು ಗೀಟು. ಕಾಂಕ್ರೀಟು ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ. ಕಬ್ಬಿಣದ ಜಾಲರಿ ಹಾಕಿದರೆ ಬಿರುಕೇ ಬಾರದು ಎಂಬುದು ತಪ್ಪು. ಜಾಲರಿ ಬಿರುಕು ಅಗಲವಾಗದಂತೆ ಹಿಡಿದಿಡುತ್ತದೆ, ಅಷ್ಟೆ. ಉಪಾಯವೆಂದರೆ, ಬಿರುಕು ಎಲ್ಲಿ ಬರಬೇಕೆಂದು ಮೊದಲೇ ಹೇಳಿಬಿಡುವುದು. 10 ಅಡಿಗೊಂದು ಚೌಕ ಮಾಡಿ, ಒಂದು ಬಿಟ್ಟು ಒಂದು ಚೌಕ ತುಂಬಿಸಿದರೆ ಬಿರುಕು ಗೀಟಿನಲ್ಲೇ ಅಡಗುತ್ತದೆ.

ನಾಲ್ಕನೆಯದು ನೀರು ಕಟ್ಟುವುದು. ಕಡಿಮೆ ಎಂದರೂ ಏಳು ದಿನ, ಈಗ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆಸಿದ ಸಿಮೆಂಟಾದರೆ ಹತ್ತು ದಿನ, ಅಂಗಳ ಒಣಗಬಾರದು. ಪೂರ್ತಿ ಬಲ ಬರಲು 28 ದಿನ ಬೇಕು. ಅಲ್ಲಿಯವರೆಗೆ ಟ್ಯಾಂಕರು ಗೇಟಿನ ಹೊರಗೇ ನಿಲ್ಲಲಿ.

ನಯವಾಗಿ ಗಿಲಾವು ಮಾಡಿಸಿ ಚಂದ ನೋಡುವ ಆಸೆ ಬೇಡ. ಜುಲೈಯಲ್ಲಿ ಅದರ ಮೇಲೆ ಹಾವಸೆ ಕಟ್ಟಿದರೆ ಮನೆಯ ಹಿರಿಯರ ಸೊಂಟಕ್ಕೇ ಅಪಾಯ. ಹಸಿ ಇರುವಾಗಲೇ ಹಿಡಿಸೂಡಿಯಲ್ಲಿ ಅಡ್ಡಕ್ಕೆ ಗೀರು ಎಳೆಸಿದರೆ ಕಾಲಿಗೂ ಹಿಡಿತ, ಚಕ್ರಕ್ಕೂ ಹಿಡಿತ. ಮುಂದೆ ಪೈಪು, ವಯರು ಹಾಕಲು ಬೇಕಾದೀತೆಂದು ಅಡಿಯಲ್ಲಿ ಒಂದೆರಡು ಖಾಲಿ ಪೈಪು ಹುಗಿದಿಟ್ಟರೆ ನಾಳೆ ಒಡೆಯುವ ಗೋಳಿಲ್ಲ.

ಬಡವಾದದ್ದು ಬಾವಿ

ಇಷ್ಟಾದ ಮೇಲೆ ಕಾಂಕ್ರೀಟಿಗೇ ಜಯವೆಂದು ಇಡೀ ಅಂಗಳಕ್ಕೆ ಗೋಡೆಯಿಂದ ಗೋಡೆಗೆ ಸುರಿಸಿಬಿಡುವವರು ಹಲವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಡಾಮರು ಕಾಂಕ್ರೀಟುಗಳ ಜಗಳದಲ್ಲಿ ಬಡವಾಗುತ್ತಿರುವುದು ಮನೆಯ ಬಾವಿ.

ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಮೂರೂವರೆ ಮೀಟರಿಗೂ ಹೆಚ್ಚು. ಅಂದರೆ ಆ 400 ಚದರ ಅಡಿಯ ದಾರಿಯೊಂದರ ಮೇಲೆಯೇ ವರ್ಷಕ್ಕೆ ಸುಮಾರು 1 ಲಕ್ಷ 30 ಸಾವಿರ ಲೀಟರ್ ನೀರು ಬೀಳುತ್ತದೆ. ಮುಚ್ಚಿದ ನೆಲದಲ್ಲಿ ಅದು ಇಂಗುವುದಿಲ್ಲ, ಓಡುತ್ತದೆ. ಇಷ್ಟು ಮಳೆ ಬೀಳುವ ಊರಿಗೇ ನೀರಿನ ಬರ ಬರುವುದುಂಟು. 2019ರ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರಿನಲ್ಲಿ ಸರದಿಯ ಮೇಲೆ ನಲ್ಲಿ ಬಿಡಬೇಕಾಯಿತು. ಆಗ ಮಾನ ಉಳಿಸಿದ್ದು ಬಾವಿ ಇದ್ದ ಮನೆಯವರ ಕೊಡಪಾನ.

ಇದಕ್ಕೊಂದು ಹಳೆಯ ಉಪಾಯವಿದೆ. ಕಾರಿನ ಚಕ್ರ ಓಡುವಲ್ಲಿ ಎರಡೂವರೆ ಅಡಿ ಅಗಲದ ಎರಡು ಕಾಂಕ್ರೀಟ್ ಪಟ್ಟಿ ಹಾಕಿ, ನಡುವೆಯೂ ಬದಿಯಲ್ಲೂ ಜಲ್ಲಿ ಅಥವಾ ಹುಲ್ಲು ಬಿಡುವುದು. ಸಿಮೆಂಟು ಅರ್ಧ ಉಳಿತಾಯ, ಅರ್ಧ ನೆಲ ಬಾವಿಯ ಪಾಲಿಗೆ. ಇಂಟರ್‌ಲಾಕ್ ಹಾಕಿಸುವವರೂ ಉಂಟು. ಕಾರಿಗೆ 60 ಮಿಲಿಮೀಟರ್ ದಪ್ಪದ್ದು ಸಾಕು, ಲಾರಿ ಬಂದರೆ 80 ಬೇಕು. ಅಂಚಿಗೆ ಗಟ್ಟಿ ಕಟ್ಟೆ ಕಟ್ಟದಿದ್ದರೆ ಮಾತ್ರ ಎರಡೇ ವರ್ಷದಲ್ಲಿ ಇಟ್ಟಿಗೆಗಳು ಬೇರೆ ಬೇರೆ ದಿಕ್ಕು ಹಿಡಿಯುತ್ತವೆ.

ನೆರೆಯವನ ಗೋಡೆ, ಊರಿನ ಚರಂಡಿ

ಅಂಗಳ ಎತ್ತರಿಸಿದವನ ನೀರು ನೆರೆಯವನ ಗೋಡೆಗೆ ಹೊಡೆಯುತ್ತದೆ. ಅಲ್ಲಿಂದ ಶುರುವಾಗುವ ಮನಸ್ತಾಪ ಪಂಚಾಯತು, ಠಾಣೆ, ಕೋರ್ಟಿನವರೆಗೂ ಹೋದೀತು. 50 ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಟ್ಟು, ನೀರನ್ನು ತನ್ನದೇ ತೋಟಕ್ಕೋ ಇಂಗುಗುಂಡಿಗೋ ತಿರುಗಿಸಿದವನಿಗೆ ನೆರೆಯವರ ಸ್ನೇಹವೂ ಉಳಿಯುತ್ತದೆ, ಬಾವಿಯ ನೀರೂ ಉಳಿಯುತ್ತದೆ.

ಗೇಟಿನ ಹೊರಗಿನ ಕತೆಯೂ ಇದೇ. ಸ್ಕೂಟರ್ ಹತ್ತಿಸಲೆಂದು ಚರಂಡಿಯ ಮೇಲೆಯೇ ಕಾಂಕ್ರೀಟ್ ಸುರಿಸುವುದು ಮನೆಯವರಿಗೂ ಅಭ್ಯಾಸ, ಅಂಗಡಿಯವರಿಗೂ ಅಭ್ಯಾಸ. ಮೊದಲ ಮಳೆಗೆ ಚರಂಡಿ ಕಟ್ಟಿ ನೀರು ರಸ್ತೆಗೆ ಬರುತ್ತದೆ. ಡಾಮರು ಏಳುತ್ತದೆ, ಹೊಂಡ ಬೀಳುತ್ತದೆ, ಬಸ್ಸು ಆ ಹೊಂಡದ ಕೆಸರನ್ನು ಅದೇ ಅಂಗಡಿಯ ಗಿರಾಕಿಗಳ ಬಟ್ಟೆಗೆ ಹಾರಿಸುತ್ತದೆ. ಎತ್ತಿ ತೆಗೆಯಲು ಬರುವ ಚಪ್ಪಡಿ ಇಟ್ಟರೆ ಸ್ಕೂಟರೂ ಹತ್ತುತ್ತದೆ, ಚರಂಡಿಯೂ ಹರಿಯುತ್ತದೆ.

ಒಟ್ಟಿನಲ್ಲಿ ಒಂಟಿ ಮನೆಯ ದಾರಿಗೆ ಕಾಂಕ್ರೀಟು, ಅದೂ ಬೇಕಾದಷ್ಟೇ ಅಗಲಕ್ಕೆ. ಹಲವು ಮನೆಗಳ ಉದ್ದ ದಾರಿಗೆ ಎಲ್ಲರೂ ಕೂಡಿ ಡಾಮರು. ಕೆಲಸ ಯಾವುದೇ ಇರಲಿ, ಪತ್ತನಾಜೆಗೆ ಒಂದು ತಿಂಗಳು ಮೊದಲೇ ಮುಗಿಸಬೇಕು. ಮತ್ತೆ ಮೋಡ ನೋಡುತ್ತಾ ಸಿಮೆಂಟು ಕಲಸುವವನಿಗೆ ದೇವರೇ ಗತಿ!