ಬಿದ್ದವರ ಪಕ್ಕ ನಿಲ್ಲುವ ನಾಯಿ

ಮೂರ್ಛೆರೋಗ ಇರುವವರನ್ನು ಕೇಳಿ ನೋಡಿ. ಫಿಟ್ಸ್ ಬಂದ ಆ ಎರಡು ನಿಮಿಷ ಹೇಗಿತ್ತೆಂದು ಹಲವರಿಗೆ ನೆನಪೇ ಇರುವುದಿಲ್ಲ. ಅವರನ್ನು ಕಾಡುವುದು ಉಳಿದ ಹೊತ್ತು. ಬಚ್ಚಲಮನೆಯ ಚಿಲಕ ಹಾಕಿಕೊಳ್ಳಬೇಕೋ ಬೇಡವೋ? ಒಲೆಯ ಮುಂದೆ ಒಬ್ಬರೇ ನಿಲ್ಲಬಹುದೋ? ರಸ್ತೆ ದಾಟುವಾಗ ಬಂದುಬಿಟ್ಟರೆ? ಗಾಡಿ ಓಡಿಸುವಂತಿಲ್ಲ, ಕೆರೆ ಬಾವಿಗೆ ಇಳಿಯುವಂತಿಲ್ಲ. ಮನೆಯವರು ಸದಾ ಒಂದು ಕಣ್ಣಿಟ್ಟಿರುತ್ತಾರೆ. ಬೆಳೆದು ದೊಡ್ಡವರಾದ ಮೇಲೂ ಹಾಗೆ ಕಾಯಿಸಿಕೊಂಡೇ ಬದುಕುವುದು ಎಷ್ಟು ಮುಜುಗರದ ಸಂಗತಿ ಎಂಬುದು ಕಾಯುವವರಿಗೆ ಹೊಳೆಯುವುದು ಕಡಿಮೆ.

ಅಮೆರಿಕ, ಬ್ರಿಟನ್, ನೆದರ್ಲೆಂಡ್ಸ್ ಮುಂತಾದ ಕಡೆ ಕೆಲವರು ಈ ಕಾವಲಿನ ಒಂದು ಪಾಲನ್ನು ನಾಯಿಗೆ ವಹಿಸಿದ್ದಾರೆ. ಫಿಟ್ಸ್ ಬರುವ ಮೊದಲೇ ನಾಯಿ ಎಚ್ಚರಿಸುತ್ತದಂತೆ ಎಂಬ ಸುದ್ದಿಯನ್ನು ನೀವೂ ಓದಿರಬಹುದು, ವಿಡಿಯೊ ನೋಡಿರಬಹುದು. ಅದರಲ್ಲಿ ಎಷ್ಟು ನಿಜ?

ಮೊದಲು ಕಾಯಿಲೆಯ ವಿಷಯ. ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ವಿದ್ಯುತ್ ಮತ್ತು ರಾಸಾಯನಿಕ ಸಂಕೇತಗಳ ಮೂಲಕ. ಒಮ್ಮೊಮ್ಮೆ ಕೋಶಗಳ ಒಂದು ಗುಂಪು ಅಂಕೆ ಮೀರಿ ಒಟ್ಟಿಗೇ ಸಂಕೇತ ಹೊರಡಿಸತೊಡಗುತ್ತದೆ. ಅದು ಮಿದುಳಿನ ಒಂದು ಮೂಲೆಯಲ್ಲೇ ಉಳಿದರೆ ಕೈ ಅದುರಬಹುದು, ಇಲ್ಲದ ವಾಸನೆ ಬರಬಹುದು, ಮನುಷ್ಯ ಅರೆನಿಮಿಷ ಶೂನ್ಯವನ್ನು ನೋಡುತ್ತಾ ಕೂತುಬಿಡಬಹುದು. ಇಡೀ ಮಿದುಳಿಗೆ ಹಬ್ಬಿದರೆ ಪ್ರಜ್ಞೆ ತಪ್ಪಿ, ಮೈ ಸೆಟೆದು, ಕೈಕಾಲು ಬಡಿದುಕೊಳ್ಳುತ್ತವೆ. ಇಂಥ ಕಾಯಿಲೆಯವರು ಜಗತ್ತಿನಲ್ಲಿ ಸುಮಾರು 5 ಕೋಟಿ ಮಂದಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸರಿಯಾಗಿ ಪತ್ತೆ ಮಾಡಿ ಔಷಧ ಕೊಟ್ಟರೆ ಅವರಲ್ಲಿ 70%ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು ಎಂದೂ ಹೇಳುತ್ತದೆ. ನಾಯಿಯ ಮಾತು ಬರುವುದು ಮುಖ್ಯವಾಗಿ ಉಳಿದವರಿಗೆ, ಅಂದರೆ ಎರಡು ಮೂರು ಬಗೆಯ ಮಾತ್ರೆ ನುಂಗಿದರೂ ಫಿಟ್ಸ್ ನಿಲ್ಲದವರಿಗೆ.

ಈ ನಾಯಿಗಳಲ್ಲಿ ಎರಡು ತರಹ. ಒಂದು, ಫಿಟ್ಸ್ ಬಂದಾಗ ನೆರವಾಗುವುದು. ಇನ್ನೊಂದು, ಬರುವ ಮೊದಲೇ ಸೂಚನೆ ಕೊಡುವುದು. ಸುದ್ದಿಯಾಗುವುದು ಎರಡನೆಯದು, ತರಬೇತಿ ಕೊಟ್ಟು ತಯಾರು ಮಾಡಬಹುದಾದದ್ದು ಮೊದಲನೆಯದು. ಈ ಎರಡನ್ನೂ ಕಲಸಿಬಿಟ್ಟಿರುವುದೇ ಅರ್ಧ ಗೊಂದಲಕ್ಕೆ ಕಾರಣ.

ನೆರವಿನ ನಾಯಿಯ ಕೆಲಸಗಳಲ್ಲಿ ಪವಾಡವೇನೂ ಇಲ್ಲ. ಒಡೆಯ ಬಿದ್ದರೆ ಬೊಗಳಿ ಮನೆಯವರನ್ನು ಕರೆಯುತ್ತದೆ. ಗೋಡೆಯಲ್ಲಿರುವ ಅಲಾರಂ ಗುಂಡಿಯನ್ನು ಮೂಗಿನಿಂದಲೋ ಪಂಜದಿಂದಲೋ ಒತ್ತುತ್ತದೆ. ಫೋನನ್ನೋ ಔಷಧದ ಚೀಲವನ್ನೋ ಕಚ್ಚಿ ತರುತ್ತದೆ. ಮೈಗೆ ಮೈ ತಾಗಿಸಿ ಪಕ್ಕದಲ್ಲೇ ಮಲಗುತ್ತದೆ. ಫಿಟ್ಸ್ ನಿಂತ ಮೇಲೆ ಕೆಲವರಿಗೆ ತಾನೆಲ್ಲಿದ್ದೇನೆಂದು ತಿಳಿಯದೆ ಎದ್ದು ಎತ್ತೆತ್ತಲೋ ನಡೆಯುವ ಮಂಕು ಸ್ಥಿತಿ ಇರುತ್ತದೆ. ಆಗ ದಾರಿಗೆ ಅಡ್ಡ ನಿಂತು ತಡೆಯುತ್ತದೆ. ಕೆಲವರಿಗೆ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ, ವೇಗಸ್ ನರವನ್ನು ಪ್ರಚೋದಿಸುವ ಪುಟ್ಟ ಯಂತ್ರ ಇಟ್ಟಿರುತ್ತಾರೆ. ಅಮೆರಿಕದಲ್ಲಿ 1997ರಲ್ಲಿ ಮಂಜೂರಾದ ಚಿಕಿತ್ಸೆ ಇದು. ಅದರ ಮೇಲೆ ಅಯಸ್ಕಾಂತ ಆಡಿಸಿದರೆ ಯಂತ್ರ ಹೆಚ್ಚುವರಿ ಪ್ರಚೋದನೆ ಕೊಡುತ್ತದೆ, ಫಿಟ್ಸ್ ಮೊಟಕಾಗುವ ಸಾಧ್ಯತೆ ಉಂಟು. ಕೆಲವು ನಾಯಿಗಳ ಕೊರಳಪಟ್ಟಿಗೆ ಆ ಅಯಸ್ಕಾಂತ ಕಟ್ಟಿ, ಒಡೆಯನ ಎದೆಗೆ ಒರಗುವುದನ್ನು ಕಲಿಸಿದ್ದಾರೆ. ಉಪಾಯ ಅಂದರೆ ಇದು!

ಇನ್ನು ಮುನ್ಸೂಚನೆ. ಬ್ರಿಟನ್ನಿನ ಶೆಫೀಲ್ಡ್‌ನ ‘ಸಪೋರ್ಟ್ ಡಾಗ್ಸ್’ ಸಂಸ್ಥೆಯ ವ್ಯಾಲ್ ಸ್ಟ್ರಾಂಗ್ ಮತ್ತು ಸಂಗಡಿಗರು 1999ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಾವು ಪಳಗಿಸಿದ ನಾಯಿಗಳು 15ರಿಂದ 45 ನಿಮಿಷ ಮುಂಚೆಯೇ ಎಚ್ಚರಿಸುತ್ತವೆ ಎಂಬುದು ಅವರ ವಾದ. ನಾಯಿಗೆ ತಿಳಿಯುವುದಾದರೂ ಹೇಗೆ? ಮುಖದ ಕಳೆ, ಉಸಿರಾಟ, ನಡಿಗೆಯಲ್ಲಿ ಆಗುವ ಸಣ್ಣ ಬದಲಾವಣೆ ಇರಬಹುದು. ದಿನವಿಡೀ ನಮ್ಮನ್ನೇ ನೋಡಿಕೊಂಡಿರುವ ಪ್ರಾಣಿಗೆ ಅದೇನು ದೊಡ್ಡದಲ್ಲ. ಇಲ್ಲವೇ ವಾಸನೆ ಇರಬಹುದು.

ವಾಸನೆಯನ್ನು ಸರಿಯಾಗಿ ಪರೀಕ್ಷೆಗೆ ಒಡ್ಡಿದ್ದು 2019ರಲ್ಲಿ. ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದ ಅಮೇಲಿ ಕತಾಲಾ ತಂಡ ಮೂರ್ಛೆರೋಗಿಗಳ ಬೆವರು ಮತ್ತು ಉಸಿರಿನ ಮಾದರಿಗಳನ್ನು ಮೂರು ಸಂದರ್ಭಗಳಲ್ಲಿ ಸಂಗ್ರಹಿಸಿತು: ಫಿಟ್ಸ್ ಬಂದಾಗ, ವ್ಯಾಯಾಮ ಮಾಡಿದಾಗ, ಸುಮ್ಮನಿದ್ದಾಗ. ಅಮೆರಿಕದ ಇಂಡಿಯಾನಾಪೊಲಿಸ್‌ನ ತರಬೇತಿ ಕೇಂದ್ರವೊಂದರ ಐದು ನಾಯಿಗಳ ಮುಂದೆ ಏಳು ಡಬ್ಬಿಗಳನ್ನು ಸಾಲಾಗಿ ಇಟ್ಟರು. ಒಂದರಲ್ಲಿ ಮಾತ್ರ ಫಿಟ್ಸ್ ಹೊತ್ತಿನ ವಾಸನೆ. ಮೂರು ನಾಯಿಗಳು ಪ್ರತಿ ಸಲವೂ ಸರಿಯಾದ ಡಬ್ಬಿಯನ್ನೇ ತೋರಿಸಿದವು, ಉಳಿದೆರಡು ಮೂರರಲ್ಲಿ ಎರಡು ಸಲ. ಆ ಮಾದರಿ ಕೊಟ್ಟವರು ಯಾರೂ ನಾಯಿಗಳಿಗೆ ಪರಿಚಯದವರಲ್ಲ, ಅವರ ಫಿಟ್ಸ್ ಕೂಡ ಒಂದೇ ಬಗೆಯದಲ್ಲ. ಅಂದರೆ ಆಳು ಬೇರೆಯಾದರೂ ಫಿಟ್ಸ್‌ಗೆ ತನ್ನದೇ ಒಂದು ವಾಸನೆ ಇದೆ ಎಂದಾಯಿತು. ವ್ಯಾಯಾಮದ ಬೆವರನ್ನೂ ಸಾಲಿನಲ್ಲಿ ಇಟ್ಟಿದ್ದು ಜಾಣತನ. ಇಲ್ಲದಿದ್ದರೆ ನಾಯಿ ಗುರುತಿಸಿದ್ದು ದಣಿದ ಮೈಯನ್ನಷ್ಟೇ ಎಂದು ಯಾರಾದರೂ ತೆಗೆದುಹಾಕುತ್ತಿದ್ದರು.

ಆದರೆ ಅದು ಫಿಟ್ಸ್ ಬಂದಾಗಿನ ವಾಸನೆ, ಬರುವ ಮೊದಲಿನದಲ್ಲ. ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ನೀಲ್ ಪೊವೆಲ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಪ್ರಯೋಗ. ಮೂರ್ಛೆರೋಗದ ಗಂಧವೇ ಗೊತ್ತಿಲ್ಲದ 19 ಮನೆಸಾಕು ನಾಯಿಗಳಿಗೆ ಫಿಟ್ಸ್‌ಗೆ ಮುಂಚಿನ, ಆಗಿನ, ಆಮೇಲಿನ ಬೆವರಿನ ವಾಸನೆಯನ್ನು ಸೋಕಿಸಿದರು. ಎಲ್ಲ ನಾಯಿಗಳ ನಡವಳಿಕೆಯೂ ಬದಲಾಯಿತು. ಸುಮ್ಮನೆ ಒಡೆಯನನ್ನೇ ದಿಟ್ಟಿಸುವುದು, ಮೈಮೇಲೆ ಬರುವುದು, ಕುಂಯ್‌ಗುಡುವುದು. ಮಾನವನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50 ಲಕ್ಷ, ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚು. ಅದಕ್ಕೆ ಎಟುಕುವುದು ನಮಗೆ ಎಟುಕದಿದ್ದರೆ ಆಶ್ಚರ್ಯವಿಲ್ಲ.

ಇಷ್ಟು ಓದಿ ಸಂತೋಷಪಡುವ ಹೊತ್ತಿಗೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಪ್ರಯೋಗಾಲಯದ ಏಳು ಡಬ್ಬಿಗಳ ಸಾಲು ಬೇರೆ, ಮಸಾಲೆ ಒಗ್ಗರಣೆ, ಸಾಬೂನು, ಜನಜಂಗುಳಿಯ ವಾಸನೆಗಳ ನಡುವೆ ಬದುಕುವ ಮನೆ ಬೇರೆ. ಅದೂ ಅಲ್ಲದೆ, ನಾಯಿ ಎಚ್ಚರಿಸಿತು ಎಂಬ ವರದಿಗಳಲ್ಲಿ ಹೆಚ್ಚಿನವು ಒಡೆಯರ ನೆನಪನ್ನು ನೆಚ್ಚಿಕೊಂಡವು. ನಾಯಿ ಚಡಪಡಿಸಿದ ದಿನ ಫಿಟ್ಸ್ ಬಂದರೆ ಅದು ನೆನಪಿರುತ್ತದೆ, ಬರದ ದಿನದ ಚಡಪಡಿಕೆ ಮರೆತುಹೋಗುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ನರತಜ್ಞ ಗ್ರೆಗರಿ ಕ್ರೌಸ್ ಮತ್ತಿತರರು ಇಂಥ ನಾಯಿಗಳಿದ್ದ ಕೆಲವರನ್ನು ಆಸ್ಪತ್ರೆಯಲ್ಲಿಟ್ಟು, ಮಿದುಳಿನ ವಿದ್ಯುತ್ ಸಂಕೇತ ಬರೆದುಕೊಳ್ಳುವ ಇಇಜಿ ಮತ್ತು ಕ್ಯಾಮೆರಾ ಎರಡರಲ್ಲೂ ದಾಖಲಿಸಿಕೊಂಡು ನೋಡಿದರು. 2007ರಲ್ಲಿ ಅವರು ಬರೆದದ್ದು ಮುಜುಗರ ತರುವಂಥದ್ದು: ಅವರಲ್ಲಿ ಕೆಲವರಿಗೆ ಬರುತ್ತಿದ್ದುದು ಮಿದುಳಿನ ವಿದ್ಯುತ್ ಏರುಪೇರಿನ ಫಿಟ್ಸ್ ಆಗಿರಲೇ ಇಲ್ಲ. ಮನಸ್ಸಿನ ಒತ್ತಡದಿಂದ ಹುಟ್ಟುವ, ಹೊರನೋಟಕ್ಕೆ ಹಾಗೆಯೇ ಕಾಣುವ ಸೆಳೆತ ಅದು. ಇದು ನಾಟಕವಲ್ಲ, ಬಂದವರ ಹತೋಟಿಯಲ್ಲೂ ಇಲ್ಲ. ಆದರೆ ಇದಕ್ಕೆ ಬೇಕಾದ್ದು ಮನೋಚಿಕಿತ್ಸೆ, ಮೂರ್ಛೆರೋಗದ ಮಾತ್ರೆಯಲ್ಲ. ನಾಯಿ ಗುರುತಿಸಿತೆಂಬ ಮಾತ್ರಕ್ಕೆ ಕಾಯಿಲೆ ಇಂಥದ್ದೇ ಎಂದು ತೀರ್ಮಾನಿಸಿದರೆ ತಪ್ಪು ಔಷಧ ವರ್ಷಗಟ್ಟಲೆ ನಡೆದುಬಿಡುತ್ತದೆ.

ತರಬೇತಿಯಿಲ್ಲದ ಸಾಕುನಾಯಿಯನ್ನು ನೆಚ್ಚುವುದರಲ್ಲೂ ಅಪಾಯವಿದೆ. ಒಡೆಯ ನೆಲಕ್ಕೆ ಬಿದ್ದು ಒದ್ದಾಡುವುದನ್ನು ಕಂಡು ಹೆದರಿ ಓಡಿಹೋದ, ಒಡೆಯನ ಮೇಲೋ ನೆರವಿಗೆ ಬಂದವರ ಮೇಲೋ ಎರಗಿದ ನಾಯಿಗಳ ಪ್ರಕರಣಗಳನ್ನು ದಾಖಲಿಸಿದವರು ಬೇರಾರೂ ಅಲ್ಲ, ಅದೇ ವ್ಯಾಲ್ ಸ್ಟ್ರಾಂಗ್.

ಹಾಗಾದರೆ ನಾಯಿಯಿಂದ ಬದುಕು ನಿಜಕ್ಕೂ ಹಗುರಾಗುತ್ತದೆಯೇ? ಈ ಪ್ರಶ್ನೆಗೆ ಈವರೆಗಿನ ಗಟ್ಟಿಯಾದ ಉತ್ತರಗಳಲ್ಲೊಂದು ಬಂದಿದ್ದು ನೆದರ್ಲೆಂಡ್ಸ್‌ನಿಂದ, 2024ರಲ್ಲಿ, ‘ನ್ಯೂರಾಲಜಿ’ ಪತ್ರಿಕೆಯಲ್ಲಿ. ಔಷಧಕ್ಕೆ ಬಗ್ಗದ ತೀವ್ರ ಮೂರ್ಛೆರೋಗವಿದ್ದ 25 ಮಂದಿಯನ್ನು ಮೂರು ವರ್ಷದವರೆಗೆ ಗಮನಿಸಿದರು. ಎಲ್ಲರಿಗೂ ಒಂದೊಂದು ನಾಯಿ, ಆದರೆ ಬೇರೆ ಬೇರೆ ಕಾಲಕ್ಕೆ. ಹೀಗಾಗಿ ನಾಯಿ ಬರುವ ಮೊದಲಿನ ದಿನಗಳನ್ನೂ ಬಂದ ಮೇಲಿನ ದಿನಗಳನ್ನೂ ಹೋಲಿಸಬಹುದಾಯಿತು. ಫಿಟ್ಸ್ ಬರುವ ಸಂಖ್ಯೆ ಸರಾಸರಿ 31%ರಷ್ಟು ಇಳಿದಿತ್ತು. ಏಳು ಮಂದಿಯಲ್ಲಿ ಅರ್ಧಕ್ಕಿಂತ ಕೆಳಗೆ ಬಂದಿತ್ತು. ನಾಯಿ ಮಿದುಳಿಗೆ ಔಷಧ ಹಾಕುವುದಿಲ್ಲವಲ್ಲ! ಆತಂಕ ಮತ್ತು ನಿದ್ದೆಗೇಡು ಅನೇಕರಲ್ಲಿ ಫಿಟ್ಸ್‌ಗೆ ಕುಮ್ಮಕ್ಕು ಕೊಡುತ್ತವೆ ಎಂಬುದು ವೈದ್ಯರಿಗೆ ಹಳೆಯ ವಿಷಯ. ಪಕ್ಕದಲ್ಲೊಂದು ಜೀವ ಇದೆ ಎಂಬ ನೆಮ್ಮದಿಯೇ ಕೆಲಸ ಮಾಡಿರಬಹುದು. ಹಾಗಿದ್ದರೆ ನನ್ನ ಮಟ್ಟಿಗೆ ಇದು ಮೂಗಿನ ಸಾಹಸಕ್ಕಿಂತ ದೊಡ್ಡ ಸುದ್ದಿ.

ಅಮೆರಿಕದ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ ಇಂಥ ನಾಯಿ ಹೋಟೆಲಿಗೂ ಅಂಗಡಿಗೂ ಬರಬಹುದು. ಸಿಬ್ಬಂದಿ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ, ಅದಕ್ಕೆ ಯಾವ ಕೆಲಸ ಕಲಿಸಿದೆ? ಕಾಗದಪತ್ರ ಕೇಳುವಂತಿಲ್ಲ. ಉದಾರ ನಿಯಮ, ದುರುಪಯೋಗವೂ ಧಾರಾಳ. ಮನೆಯ ಮುದ್ದುನಾಯಿಗೆ ಅಂಗಿ ತೊಡಿಸಿ ಕರೆತರುವವರಿಂದ ನಿಜವಾಗಿ ಬೇಕಾದವರು ಅನುಮಾನದ ನೋಟ ಎದುರಿಸಬೇಕಾಗಿದೆ. ಒಂದು ನಾಯಿಯನ್ನು ತಯಾರು ಮಾಡಲು ಹತ್ತಾರು ಸಾವಿರ ಡಾಲರ್ ಖರ್ಚು, ಸುಮಾರು ಎರಡು ವರ್ಷ ಸಮಯ. ಬಂದ ಮೇಲೂ ಅದಕ್ಕೆ ಊಟ, ಓಡಾಟ, ಪಶುವೈದ್ಯರ ಖರ್ಚು. ಎಂಟು ಹತ್ತು ವರ್ಷಕ್ಕೆ ಅದಕ್ಕೂ ವಯಸ್ಸಾಗುತ್ತದೆ.

ನಮ್ಮಲ್ಲಿ? ಬೆಂಗಳೂರಿನ ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿದಾಗ ಸಾವಿರಕ್ಕೆ ಸುಮಾರು 9 ಮಂದಿಯಲ್ಲಿ ಮೂರ್ಛೆರೋಗ ಕಂಡಿತು. ಹಳ್ಳಿಗಳಲ್ಲಿ ನಗರದ ಇಮ್ಮಡಿ. ಹಳೆ ಮೈಸೂರು ಸೀಮೆಗೆ ತನ್ನದೇ ಒಂದು ಬಗೆಯೂ ಇದೆ. ತಲೆಗೆ ಚೊಂಬಿನಲ್ಲಿ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಫಿಟ್ಸ್ ಅದು. ಯಳಂದೂರಿನಲ್ಲಿ ಕೆ. ಎಸ್. ಮಣಿ, ನಿಮ್ಹಾನ್ಸ್‌ನಲ್ಲಿ ಪಿ. ಸತೀಶ್ಚಂದ್ರ ಮುಂತಾದವರು ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡಿದ್ದಾರೆ. ಮುನ್ಸೂಚನೆಯ ನಾಯಿ ಬೇಡದ ಮೂರ್ಛೆರೋಗ ಎಂದರೆ ಇದೇ. ಯಾವಾಗ ಬರುತ್ತದೆಂದು ಗೊತ್ತು, ಹದವಾದ ಉಗುರುಬೆಚ್ಚಗಿನ ನೀರಿಗೆ ಇಳಿದರೆ ಬಹಳ ಮಂದಿಯಲ್ಲಿ ನಿಲ್ಲುತ್ತದೆ. ನಿಲ್ಲದವರಿಗೆ ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ಕೊಡುವ ಪದ್ಧತಿಯನ್ನು ನಿಮ್ಹಾನ್ಸ್ ವೈದ್ಯರು ರೂಢಿಗೆ ತಂದರು.

ಉಳಿದವರಿಗೆ ನಾಯಿಗಿಂತ ಮೊದಲು ಸಿಗಬೇಕಾದ್ದು ತಪ್ಪದೆ ದೊರೆಯುವ ಮಾತ್ರೆ, ತಪ್ಪದೆ ನುಂಗುವ ಅಭ್ಯಾಸ. ವಾಸಿಯಾಯಿತೆಂದು ತಾವಾಗಿಯೇ ನಿಲ್ಲಿಸುವುದರಿಂದ ಫಿಟ್ಸ್ ಮರುಕಳಿಸಿ ಆಸ್ಪತ್ರೆ ಸೇರುವವರು ಕಡಿಮೆಯಿಲ್ಲ. ಮೂರ್ಛೆರೋಗ ಇದ್ದವರ ಮದುವೆಗೆ ಕಾನೂನಿನಲ್ಲಿದ್ದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದೆ. ಹೆಣ್ಣು ಗಂಡು ನೋಡುವವರ ಮನಸ್ಸಿನಿಂದ ಅದು ಇನ್ನೂ ಹೋಗಿಲ್ಲ.

ಇನ್ನು, ನೆರವಿನ ನಾಯಿ ಮಾಡುವ ಕೆಲಸದಲ್ಲಿ ನಮ್ಮ ಕೈಯಲ್ಲಿ ಆಗದ್ದು ಯಾವುದೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲೋ ಮದುವೆ ಮನೆಯಲ್ಲೋ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಗುಂಪು ಕಟ್ಟಬೇಡಿ. ಕೈಗೆ ಕಬ್ಬಿಣ ಹಿಡಿಸಬೇಡಿ, ಈರುಳ್ಳಿ ಮೂಸಿಸಬೇಡಿ, ಹಲ್ಲಿನ ನಡುವೆ ಚಮಚ ತುರುಕಬೇಡಿ, ನೀರು ಕುಡಿಸಬೇಡಿ, ಬಡಿದುಕೊಳ್ಳುವ ಕೈಕಾಲನ್ನು ಅದುಮಿ ಹಿಡಿಯಬೇಡಿ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯಡಿ ಮಡಿಸಿದ ಬಟ್ಟೆ ಇಡಿ, ಬಡಿತ ತಗ್ಗಿದ ಕೂಡಲೇ ಮಗ್ಗುಲಿಗೆ ಹೊರಳಿಸಿ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಇನ್ನೊಂದು ಬಂದರೆ, ಪೆಟ್ಟಾಗಿದ್ದರೆ, ಬಸುರಿಯಾಗಿದ್ದರೆ 108ಕ್ಕೆ ಫೋನ್ ಮಾಡಿ. ಅವರಿಗೆ ಪೂರ್ತಿ ಎಚ್ಚರವಾಗಿ ತಮ್ಮ ಹೆಸರು, ಇರುವ ಜಾಗ ಹೇಳುವವರೆಗೆ ಅಲ್ಲಿಂದ ಕದಲಬೇಡಿ.