ಎತ್ತರದ ಮೋಟಾರನ್ನು ಕೊಳ್ಳುವ ಮುನ್ನ

ಚಿಕ್ಕಬಳ್ಳಾಪುರದ ಬಳಿಯಿರುವ ಮುದ್ದೇನಹಳ್ಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳ. ಮೋಟಾರುಗಳು ಭಾರತದಲ್ಲಿಯೇ ತಯಾರಾಗಬೇಕೆಂದು 1930ರ ದಶಕದಲ್ಲಿ ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿದವರಲ್ಲಿ ಅವರು ಅಗ್ರಗಣ್ಯರು. ಇಂದು ಅವರ ಊರಿನ ಸಮೀಪದ ನಂದಿಬೆಟ್ಟಕ್ಕೆ ಎಸ್‌ಯುವಿ ಎಂಬ ಎತ್ತರದ ಮೋಟಾರುಗಳು ಸಾಲುಸಾಲಾಗಿ ಏರುತ್ತವೆ. ಅಂತಹುದೊಂದನ್ನು ಕೊಳ್ಳುವ ಮಾತು ನಮ್ಮ ಅನೇಕ ಮನೆಗಳಲ್ಲಿಯೂ ನಡೆದಿದೆ. ಹಿರಿಯರು ಬೆಲೆಯನ್ನೂ ಬಣ್ಣವನ್ನೂ ಚರ್ಚಿಸುತ್ತಿರುವಾಗ, ಭೌತವಿಜ್ಞಾನದ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಗಳೇ ಬೇರೆ.

ಈ ಎತ್ತರವು ಏತಕ್ಕಾಗಿ? ಸಾಮಾನ್ಯ ಕಾರಿನ ತಳಕ್ಕೂ ನೆಲಕ್ಕೂ ಸುಮಾರು 165 ಮಿ.ಮೀ. ಅಂತರವಿದ್ದರೆ, ಎಸ್‌ಯುವಿಯಲ್ಲಿ ಅದು ಸುಮಾರು 200 ಮಿ.ಮೀ. ಇರುತ್ತದೆ. ಮಳೆಗಾಲದಲ್ಲಿ ಬಂಡಿಜಾಡಿನ ಮೇಲೆ ತೋಟಕ್ಕೆ ಹೋಗುವವರಿಗೆ ಈ ಅಂತರವು ನಿಜವಾದ ಅನುಕೂಲ.

ಆದರೆ ತಳವು ಮೇಲೇರಿದಂತೆ ಗುರುತ್ವಕೇಂದ್ರವೂ ಮೇಲೇರುತ್ತದೆ. ಎಡಬಲ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸೋಣ. ಚಕ್ರಗಳ ಅಂತರ 1.5 ಮೀಟರು, ಗುರುತ್ವಕೇಂದ್ರದ ಎತ್ತರ 0.55 ಮೀಟರು ಆದರೆ ಭಾಗಲಬ್ಧ 1.36, ಎತ್ತರ 0.70 ಮೀಟರಾದರೆ ಕೇವಲ 1.07. ಗಾಡಿಯನ್ನು ಮಗುಚಲು ತನ್ನ ತೂಕದ ಎಷ್ಟು ಪಾಲು ಪಕ್ಕಬಲ ಬೇಕೆಂಬುದನ್ನು ಈ ಸಂಖ್ಯೆಯು ಸ್ಥೂಲವಾಗಿ ತಿಳಿಸುತ್ತದೆ. ಮಾಳಿಗೆಯ ಮೇಲೆ ಸಾಮಾನು ಹೇರಿದರೆ ಅದು ಇನ್ನೂ ಇಳಿಯುತ್ತದೆ.

ಬೆಟ್ಟದ ರಸ್ತೆಯಲ್ಲಿ 25 ಮೀಟರು ತ್ರಿಜ್ಯದ ತಿರುವೊಂದಿದೆ ಎಂದುಕೊಳ್ಳೋಣ. ಗಂಟೆಗೆ 36 ಕಿ.ಮೀ. ವೇಗದಲ್ಲಿ ತಿರುಗಲು ಗಾಡಿಯ ತೂಕದ 0.4ರಷ್ಟು ಪಕ್ಕಬಲ ಸಾಕು, 54 ಕಿ.ಮೀ. ವೇಗದಲ್ಲಿ 0.9ರಷ್ಟು ಬೇಕು. ವೇಗವು ಒಂದೂವರೆ ಪಟ್ಟಾದರೆ ಬಲವು ಎರಡೂಕಾಲು ಪಟ್ಟಾಗುತ್ತದೆ. ಡಾಂಬರಿನ ಮೇಲೆ ಚಕ್ರಗಳು ಸಾಮಾನ್ಯವಾಗಿ ಮೊದಲು ಜಾರುತ್ತವೆ. ಜಾರಿದ ಚಕ್ರವು ರಸ್ತೆಯಂಚಿನ ಕಲ್ಲಿಗೋ ಮೆದುಮಣ್ಣಿಗೋ ಸಿಕ್ಕಿಕೊಂಡರೆ, ಎತ್ತರದ ಗಾಡಿಯು ಮಗುಚುವ ಅಪಾಯವು ಹೆಚ್ಚು. ಜಾರುವಿಕೆಯನ್ನು ತಡೆಯಲು ಪ್ರತಿ ಚಕ್ರಕ್ಕೂ ಬೇರೆಬೇರೆಯಾಗಿ ಬ್ರೇಕು ಹಾಕುವ ಸ್ಥಿರತಾ ನಿಯಂತ್ರಣವು ಗಾಡಿಯಲ್ಲಿದೆಯೇ ಎಂದು ತಪ್ಪದೆ ವಿಚಾರಿಸಬೇಕು.

ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಒದಗಿದರೆ ಗಾಡಿಯು ಕೆಸರಿನಿಂದ ಸುಲಭವಾಗಿ ಮೇಲೇಳುತ್ತದೆ. ಆದರೆ ನಿಲ್ಲಿಸುವ ಕಾರ್ಯದಲ್ಲಿ ಅದರಿಂದ ವಿಶೇಷ ಲಾಭವಿಲ್ಲ. ಬ್ರೇಕುಗಳು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತವೆ. ತೂಕವನ್ನೂ ಮರೆಯಬಾರದು. 1,600 ಕಿ.ಗ್ರಾಂ. ಗಾಡಿಯನ್ನು ಬೆಟ್ಟಕ್ಕೆ ಏರಿಸಲು 1,000 ಕಿ.ಗ್ರಾಂ. ಗಾಡಿಗಿಂತ ಶೇಕಡ 60ರಷ್ಟು ಹೆಚ್ಚು ಕೆಲಸ ನಡೆಯಬೇಕು. ಅದಕ್ಕೆ ಇಂಧನವನ್ನು ತೆರುವವರು ನಾವೇ.

ಅಪಘಾತದಲ್ಲಿ ಒಳಗಿನವರಿಗೆ ದೊರೆಯುವ ರಕ್ಷಣೆಯನ್ನು ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯು 2023ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅದು ವಯಸ್ಕರ ಹಾಗೂ ಮಕ್ಕಳ ರಕ್ಷಣೆಗೆ ಪ್ರತ್ಯೇಕವಾಗಿ ನಕ್ಷತ್ರಗಳನ್ನು ನೀಡುತ್ತದೆ. ಇವೆರಡನ್ನೂ ನೋಡಬೇಕು.

ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹೋಗಿ, ಉಳಿದ ದಿನಗಳಲ್ಲಿ ಡಾಂಬರು ರಸ್ತೆಯಲ್ಲಿಯೇ ಓಡಾಡುವ ಮನೆಗೆ ತಗ್ಗಾದ ಕಾರೇ ಸಾಕಾದೀತು. ದಿನವೂ ಕೆಸರಿನಲ್ಲಿ ಸಾಗಬೇಕಾದವರಿಗೆ ಎಸ್‌ಯುವಿಯೇ ಯೋಗ್ಯ. ಮುಂಗಡದ ಹಣ ಕೊಡುವ ಮೊದಲು, ವಾಚಕರು ಮನೆಯವರು ಒಂದು ತಿಂಗಳಲ್ಲಿ ಯಾವ ರಸ್ತೆಗಳಲ್ಲಿ ಎಷ್ಟು ದೂರ ಓಡಾಡುತ್ತಾರೆಂಬುದನ್ನು ಬರೆದು ಹಿರಿಯರ ಮುಂದಿಡಲಿ.