ಗದ್ದೆಯ ಔಷಧಿ, ಅಜ್ಜನ ಮಾತ್ರೆ: ಎರಡರ ಗುರಿಯೂ ಒಂದೇ ಕಿಣ್ವ

ಕರಿಘಟ್ಟದ ಮೆಟ್ಟಿಲು ಹತ್ತಿ ಮೇಲೆ ನಿಂತರೆ ಕೆಳಗೆ ಕಾವೇರಿ, ಲೋಕಪಾವನಿ, ಸುತ್ತ ಭತ್ತ, ಕಬ್ಬು. ಇಂಥ ಬಯಲಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಹಿತ್ತಲಿನ ಮೂಲೆಯಲ್ಲಿ ಗದ್ದೆಗೆ ಹೊಡೆಯುವ ಕ್ಲೋರ್‌ಪೈರಿಫಾಸ್ ಡಬ್ಬ. ಒಳಗೆ ಗೂಡಿನಲ್ಲಿ ಅಜ್ಜನ ಮರೆವಿಗೆ ಡಾಕ್ಟರು ಬರೆದುಕೊಟ್ಟ ಡೊನೆಪೆಜಿಲ್ ಮಾತ್ರೆ. ಒಂದು ಹುಳ ಕೊಲ್ಲೋಕೆ, ಇನ್ನೊಂದು ನೆನಪು ಉಳಿಸೋಕೆ. ಆದರೆ ಎರಡೂ ಹೋಗಿ ತಡೆಯೋದು ಒಂದೇ ಕಿಣ್ವವನ್ನು. ಅದರ ಹೆಸರು ಅಸಿಟೈಲ್‌ಕೊಲಿನೆಸ್ಟರೇಸ್.

ಏನಿದರ ಕೆಲಸ? ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೊಲಿನ್ ಒಂದು. ಕೈಕಾಲು ಆಡಿಸೋಕೂ ಅದು ಬೇಕು, ಹೊಸದನ್ನು ನೆನಪಿಡೋಕೂ ಬೇಕು. ಸುದ್ದಿ ಮುಟ್ಟಿದ ಮೇಲೆ ಅದು ಅಲ್ಲೇ ನಿಂತರೆ ಅಪಾಯ. ನಮ್ಮ ಕಿಣ್ವ ಅದನ್ನು ಒಡೆದು ಜಾಗ ಖಾಲಿ ಮಾಡುತ್ತೆ, ಅದೂ ಸೆಕೆಂಡಿಗೆ ಸಾವಿರಾರು ಅಣುಗಳ ಲೆಕ್ಕದಲ್ಲಿ.

ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಈ ಕಿಣ್ವಕ್ಕೆ ಅಂಟಿಕೊಂಡರೆ ಸುಲಭಕ್ಕೆ ಬಿಡಲ್ಲ. ಅಸಿಟೈಲ್‌ಕೊಲಿನ್ ಮಿತಿಮೀರಿ ತುಂಬಿಕೊಳ್ಳುತ್ತೆ. ಬೆವರು, ಜೊಲ್ಲು, ವಾಂತಿ, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಸ್ನಾಯುಗಳ ಅದುರು, ಕೊನೆಗೆ ಉಸಿರಿಗೇ ತೊಂದರೆ. ಹೊತ್ತು ಕಳೆದಷ್ಟೂ ಆ ಅಂಟು ಬಿಡಿಸೋದು ಕಷ್ಟ. ಅದಕ್ಕೇ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಇನ್ನು ಅಜ್ಜನ ಮಾತ್ರೆ. 1976ರಲ್ಲಿ ಬ್ರಿಟನ್ನಿನ ಸಂಶೋಧಕರು ಆಲ್ಜೈಮರ್ಸ್‌ನಿಂದ ಸತ್ತವರ ಮೆದುಳನ್ನು ಪರೀಕ್ಷಿಸಿದಾಗ, ಅಸಿಟೈಲ್‌ಕೊಲಿನ್ ತಯಾರಿಸುವ ಇನ್ನೊಂದು ಕಿಣ್ವವೇ ಕುಸಿದುಹೋಗಿತ್ತು. ಅಂದರೆ ನಾಲೆಗೆ ಮೇಲಿನಿಂದ ನೀರೇ ಕಡಿಮೆ. ಆಗ ರೈತ ಏನು ಮಾಡ್ತಾನೆ? ನೀರು ಹೊರಹೋಗುವ ತೂಬನ್ನು ಅರ್ಧ ಮುಚ್ಚಿ, ಇರೋ ನೀರನ್ನು ಗದ್ದೆಯಲ್ಲೇ ನಿಲ್ಲಿಸ್ತಾನೆ. ಡೊನೆಪೆಜಿಲ್ ಮಾಡೋದೂ ಅಷ್ಟೇ. ಒಡೆಯುವ ಕಿಣ್ವವನ್ನು ಸ್ವಲ್ಪ ತಡೆದು, ಇರುವ ಅಸಿಟೈಲ್‌ಕೊಲಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತೆ. 1996ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಹಾಗಾದರೆ ವಿಷಕ್ಕೂ ಮದ್ದಿಗೂ ಏನು ವ್ಯತ್ಯಾಸ? ಪ್ರಮಾಣ ಮತ್ತು ಹಿಡಿತ. ಮಾತ್ರೆ ಅಳತೆಯಲ್ಲಿ ಹಿಡಿದು ಬಿಡುತ್ತೆ. ಕೀಟನಾಶಕ ಹಿಡಿದದ್ದನ್ನು ಬಿಡಲ್ಲ. ಮಾತ್ರೆಯಿಂದ ಕೆಲವರಿಗೆ ವಾಕರಿಕೆ, ಭೇದಿ, ಎದೆಬಡಿತ ನಿಧಾನವಾಗೋದು ಯಾಕೆ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ: ಈ ಕಿಣ್ವ ಇರೋದು ಮೆದುಳಿನಲ್ಲಿ ಮಾತ್ರ ಅಲ್ಲ.

ಇಲ್ಲಿ ಮನೆಯವರು ತಿಳಿಯಬೇಕಾದ ಕಹಿ ಸತ್ಯವೂ ಒಂದಿದೆ. ತೂಬು ಮುಚ್ಚಿದರೆ ಕೆರೆ ತುಂಬಲ್ಲ. ನರಕೋಶಗಳು ಸಾಯೋದನ್ನು ಈ ಮಾತ್ರೆ ನಿಲ್ಲಿಸಲ್ಲ. ಕೆಲವರಿಗೆ, ಕೆಲವು ಕಾಲ, ಸ್ವಲ್ಪ ಆಸರೆ ಅಷ್ಟೆ. ಅದು ಗೊತ್ತಿಲ್ಲದೆ ‘ಗುಣ ಆಗ್ಲಿಲ್ಲ’ ಅಂತ ತಾವೇ ನಿಲ್ಲಿಸಿಬಿಡೋದೂ ತಪ್ಪು, ಬೇಗ ವಾಸಿಯಾಗಲಿ ಅಂತ ಎರಡೆರಡು ನುಂಗಿಸೋದೂ ತಪ್ಪು. ಮುಂದುವರಿಸಬೇಕೋ ಬೇಡವೋ ಅಂತ ಡಾಕ್ಟರನ್ನೇ ಕೇಳಿ. ಅಜ್ಜ ತಲೆ ಸುತ್ತಿ ಬಿದ್ದರೆ ಅದನ್ನೂ ಹೇಳಿ.

ಇನ್ನೊಂದು ಮಾತು. ಈ ಮಾತ್ರೆ ತಗೊಳ್ಳೋ ಹಿರಿಯರ ಕೈಗೆ ಔಷಧಿ ಹೊಡೆಯೋ ಪಂಪು ಕೊಡಬೇಡಿ. ಒಂದೇ ಕಿಣ್ವದ ಮೇಲೆ ಎರಡು ಹೊರೆ ಯಾಕೆ? ಆ ಡಬ್ಬಕ್ಕೂ ಬೀಗ ಹಾಕಿಡಿ. ಮರೆವಿರುವವರಿಗೆ ಯಾವುದು ಮದ್ದು, ಯಾವುದು ವಿಷ ಅನ್ನೋದು ನೆನಪಿರಬೇಕಲ್ಲ.